ಹೋಮ್ ನರ್ಸ್ ಏಜೆನ್ಸಿ: ಎರಡು ಮನೆಗಳ ಭರವಸೆ ಹೊತ್ತ ಉದ್ಯೋಗ

ಕರಾವಳಿಯ ಯಾವುದೇ ದಿನಪತ್ರಿಕೆಯ ಕಿರು ಜಾಹೀರಾತಿನ ಪುಟ ತೆರೆದು ನೋಡಿ. ಬಾಡಿಗೆ ಮನೆ, ಹಳೆಯ ಕಾರು, ಕಳೆದುಹೋದ ಅಂಕಪಟ್ಟಿಗಳ ನಡುವೆ "ಹೋಮ್ ನರ್ಸ್ ಬೇಕಾಗಿದ್ದಾರೆ, ಊಟ ವಸತಿ ಇದೆ" ಎಂಬ ಸಾಲು ಕಣ್ಣಿಗೆ ಬೀಳುತ್ತದೆ. ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಮಗ ದಮ್ಮಾಮ್‌ನಲ್ಲಿ, ಸೊಸೆಯೂ ಮೊಮ್ಮಕ್ಕಳೂ ಅಲ್ಲಿಯೇ. ಮಗಳು ಬೆಂಗಳೂರಿನಲ್ಲಿ. ಊರಿನಲ್ಲಿ ಕಟ್ಟಿಸಿದ ದೊಡ್ಡ ಮನೆಯಲ್ಲಿ ಪಾರ್ಶ್ವವಾಯು ಬಡಿದು ಮಲಗಿದ ಉಮ್ಮ. ಹಣ ತಿಂಗಳು ತಿಂಗಳು ಬರುತ್ತದೆ, ಆದರೆ ಮಗ್ಗುಲು ಬದಲಿಸಲು ಎರಡು ಕೈ ಇಲ್ಲ. ಇದು ಉಳ್ಳಾಲದ ಕಥೆ ಮಾತ್ರವಲ್ಲ, ಕುಂದಾಪುರದ್ದೂ ಶಿವಮೊಗ್ಗದ್ದೂ ಬೆಂಗಳೂರಿನ ಅಪಾರ್ಟ್‌ಮೆಂಟುಗಳದ್ದೂ ಹೌದು. 2020-21ರ ಕೊರೋನಾ ಕಾಲದಲ್ಲಿ ಮನೆಗಳಲ್ಲೇ ಆಕ್ಸಿಜನ್ ಸಿಲಿಂಡರ್ ಇರಿಸಿಕೊಂಡ ಕುಟುಂಬಗಳಿಗೆ, ಮನೆಗೆ ಬಂದು ನೋಡಿಕೊಳ್ಳುವ ಒಬ್ಬ ದಾದಿಯ ಬೆಲೆ ಎಷ್ಟೆಂಬುದು ಅರ್ಥವಾಯಿತು.

ಈ ಅಂಕಣಕ್ಕೆ ಪತ್ರ ಬರೆದಿರುವ ಸಹೋದರಿಯೊಬ್ಬರು ಜಿಎನ್‌ಎಂ ಓದಿ, ಕೆಲವು ವರ್ಷ ಆಸ್ಪತ್ರೆಯಲ್ಲಿ ದುಡಿದು, ಮಕ್ಕಳಾದ ಮೇಲೆ ರಾತ್ರಿ ಪಾಳಿ ಸಾಧ್ಯವಾಗದೆ ಕೆಲಸ ಬಿಟ್ಟವರು. "ನಾನೇ ಒಂದು ನರ್ಸ್ ಏಜೆನ್ಸಿ ಆರಂಭಿಸಬಹುದೇ? ಎಷ್ಟು ಬಂಡವಾಳ ಬೇಕು?" ಎಂಬುದು ಅವರ ಪ್ರಶ್ನೆ. ಖಂಡಿತ ಆರಂಭಿಸಬಹುದು. ಇಂತಹವರೇ ಆರಂಭಿಸಬೇಕು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಈಗ ಈ ಕ್ಷೇತ್ರದಲ್ಲಿರುವ ಅನೇಕರಿಗೆ ಒಂದು ಮೊಬೈಲ್ ಫೋನ್ ಮತ್ತು ಒಂದು ಹೆಸರಿನ ಪಟ್ಟಿ ಬಿಟ್ಟರೆ ಬೇರೆ ಅರ್ಹತೆ ಇಲ್ಲ. ಬಂಡವಾಳದ ಪ್ರಶ್ನೆಗೆ ಆಮೇಲೆ ಬರೋಣ. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆಯೇ ಇದೆ. ನೀವು ದಲ್ಲಾಳಿಯಾಗಲು ಹೊರಟಿದ್ದೀರೋ, ಉದ್ಯೋಗದಾತೆಯಾಗಲು ಹೊರಟಿದ್ದೀರೋ?

ದಲ್ಲಾಳಿಯ ಕೆಲಸ ಸುಲಭ. ಮನೆಯವರಿಂದ ಒಂದಿಷ್ಟು ನೋಂದಣಿ ಶುಲ್ಕ, ಹುಡುಗಿಯ ಮೊದಲ ಸಂಬಳದಿಂದ ಒಂದಿಷ್ಟು ಕಮಿಷನ್ ಪಡೆದು, ಇಬ್ಬರ ಫೋನ್ ನಂಬರನ್ನೂ ಪರಸ್ಪರ ಕೊಟ್ಟುಬಿಟ್ಟರೆ ಮುಗಿಯಿತು. ಆ ಮೇಲೆ ರೋಗಿಗೆ ಏನಾಯಿತು, ಹುಡುಗಿಗೆ ಏನಾಯಿತು ಎಂದು ಕೇಳುವವರಿಲ್ಲ. ಉದ್ಯೋಗದಾತೆಯಾದರೆ ಹಾಗಲ್ಲ. ಆಕೆಗೆ ಸಂಬಳ ಕೊಡುವುದು ನೀವು, ರಜೆ ಕೊಡುವುದು ನೀವು, ರಾತ್ರಿ ಹನ್ನೊಂದಕ್ಕೆ ಆಕೆ ಹೆದರಿ ಫೋನ್ ಮಾಡಿದರೆ ಎತ್ತಬೇಕಾದವರೂ ನೀವು. ಲಾಭ ನಿಧಾನವಾಗಿ ಬರುತ್ತದೆ. ಆದರೆ ಒಂದು ಮನೆಯವರು ಇನ್ನೊಂದು ಮನೆಗೆ ನಿಮ್ಮ ಹೆಸರು ಹೇಳುವುದು ಈ ದಾರಿಯಲ್ಲಿ ಮಾತ್ರ. ಈ ಲೇಖನ ಎರಡನೆಯ ದಾರಿ ಹಿಡಿಯುವವರಿಗಾಗಿ.

ಯಾರು ನರ್ಸ್, ಯಾರು ಅಲ್ಲ?

ನಮ್ಮಲ್ಲಿ "ಹೋಮ್ ನರ್ಸ್" ಎಂಬ ಪದವೇ ಒಂದು ಗೊಂದಲ. ಮನೆಗೆ ಬರುವ ಹತ್ತು ಹೋಮ್ ನರ್ಸ್‌ಗಳ ಬಳಿ ಓದಿನ ಬಗ್ಗೆ ವಿಚಾರಿಸಿ ನೋಡಿ. ಹಲವರು ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿವರೆಗೆ ಓದಿ, ಎಲ್ಲೋ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು ಅಥವಾ ಕೆಲವು ದಿನಗಳ ತರಬೇತಿ ಪಡೆದವರು. ಅವರು ಕೆಟ್ಟವರು ಎಂದಲ್ಲ. ಹಾಸಿಗೆ ಹಿಡಿದವರನ್ನು ಕರುಣೆಯಿಂದ ನೋಡಿಕೊಳ್ಳುವುದರಲ್ಲಿ ಪದವಿ ಪಡೆದವರನ್ನೂ ಮೀರಿಸುವ ಹೆಂಗಸರಿದ್ದಾರೆ. ಆದರೆ ಅವರು ನರ್ಸ್ ಅಲ್ಲ, ಆರೈಕೆ ಸಹಾಯಕಿಯರು. ನರ್ಸ್ ಎಂದರೆ ಎರಡು ವರ್ಷದ ಎಎನ್‌ಎಂ, ಮೂರು ವರ್ಷದ ಜಿಎನ್‌ಎಂ ಅಥವಾ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡವರು. ನೋಂದಣಿ ಸಂಖ್ಯೆ ಇಲ್ಲದವರನ್ನು "ಸ್ಟಾಫ್ ನರ್ಸ್" ಎಂದು ಹೇಳಿ ಕಳಿಸುವುದು ಮೋಸ.

ಇದು ಹೆಸರಿನ ಪ್ರಶ್ನೆ ಮಾತ್ರವಲ್ಲ, ಪ್ರಾಣದ ಪ್ರಶ್ನೆ. ಒಂದು ಉದಾಹರಣೆ ನೋಡಿ. ನುಂಗಲಾಗದ ರೋಗಿಗೆ ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕಿ ಕಳಿಸುತ್ತಾರೆ. ಅದರಲ್ಲಿ ಗಂಜಿ ಹಾಕುವುದು ನೋಡಲು ಸುಲಭ. ಆದರೆ ರೋಗಿಯನ್ನು ಚಪ್ಪಟೆಯಾಗಿ ಮಲಗಿಸಿಯೇ ಹಾಕಿದರೆ, ಹೊಟ್ಟೆಗೆ ಹೋದದ್ದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ತಲೆಯ ಭಾಗವನ್ನು 30ರಿಂದ 45 ಡಿಗ್ರಿಯಷ್ಟು ಎತ್ತಿರಬೇಕು, ಟ್ಯೂಬ್ ಜಾರಿಲ್ಲ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು, ಹಾಕಿದ ಮೇಲೂ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಹಾಗೆಯೇ ಇರಿಸಬೇಕು. ಇದನ್ನು ಕಲಿಸದೆ ಒಬ್ಬ ಹುಡುಗಿಯನ್ನು ಆ ಮನೆಗೆ ಕಳಿಸಿದರೆ ತಪ್ಪು ಆಕೆಯದ್ದಲ್ಲ, ಕಳಿಸಿದವರದ್ದು.

ಆದ್ದರಿಂದ ಏಜೆನ್ಸಿಯಲ್ಲಿ ಮೊದಲ ದಿನದಿಂದಲೇ ಎರಡು ಪ್ರತ್ಯೇಕ ಪಟ್ಟಿ ಇರಲಿ. ಸ್ನಾನ ಮಾಡಿಸುವುದು, ಬಾಯಿಯಿಂದ ಊಟ ಮಾಡಿಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಡಯಪರ್ ಬದಲಿಸುವುದು, ಕೈ ಹಿಡಿದು ನಡೆಸುವುದು, ಮನೆಯವರು ತೆಗೆದಿಟ್ಟ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಡುವುದು ಸಹಾಯಕಿಯ ಕೆಲಸ. ಇಂಜೆಕ್ಷನ್, ಡ್ರಿಪ್, ಮೂತ್ರದ ಕ್ಯಾಥೆಟರ್ ಬದಲಿಸುವುದು, ಆಳವಾದ ಗಾಯದ ಡ್ರೆಸ್ಸಿಂಗ್, ಕುತ್ತಿಗೆಯ ರಂಧ್ರದಿಂದ ಕಫ ತೆಗೆಯುವುದು ನೋಂದಾಯಿತ ನರ್ಸಿನ ಕೆಲಸ, ಅದೂ ವೈದ್ಯರ ಲಿಖಿತ ಸೂಚನೆ ಇದ್ದರೆ ಮಾತ್ರ. "ದಿನಕ್ಕೆ ಒಂದೇ ಇಂಜೆಕ್ಷನ್ ಅಲ್ವಾ, ಅವಳೇ ಕೊಡಲಿ" ಎಂದು ಮನೆಯವರು ಹೇಳುತ್ತಾರೆ. ಒಪ್ಪಬೇಡಿ. ಅದರ ಬದಲು ಒಬ್ಬ ನರ್ಸನ್ನು ದಿನಕ್ಕೊಮ್ಮೆ ಅರ್ಧ ಗಂಟೆ ಬಂದು ಹೋಗುವಂತೆ ನೇಮಿಸಿ. ಮಕ್ಕಳಿರುವ, ಪೂರ್ಣ ದಿನ ಹೊರಗೆ ದುಡಿಯಲಾಗದ ನರ್ಸ್‌ಗಳು ನಮ್ಮ ಸಮಾಜದಲ್ಲಿ ಎಷ್ಟೋ ಮಂದಿ ಇದ್ದಾರೆ. ತಮ್ಮ ಊರಿನಲ್ಲೇ ದಿನಕ್ಕೆ ನಾಲ್ಕು ಮನೆಗೆ ಹೋಗಿ ಬರುವ ಕೆಲಸ ಅಂತಹವರಿಗೆ ಹೇಳಿ ಮಾಡಿಸಿದಂತಿದೆ.

ಸಹಾಯಕಿಯರಿಗೆ ನೀವೇ ತರಬೇತಿ ಕೊಡಬಹುದು. ಒಂದು ಕೋಣೆ, ಒಂದು ಮಂಚ, ಒಂದು ಗಾಲಿಕುರ್ಚಿ, ಬಿ.ಪಿ. ನೋಡುವ ಯಂತ್ರ, ಸಕ್ಕರೆ ನೋಡುವ ಯಂತ್ರ ಸಾಕು. ಸರಕಾರದ ಕೌಶಲ್ಯ ಯೋಜನೆಗಳಲ್ಲಿ "ಹೋಮ್ ಹೆಲ್ತ್ ಏಡ್" ಎಂಬ ತರಬೇತಿ ಇದೆ. ಅದನ್ನು ಮುಗಿಸಿದವರು ಸಿಕ್ಕಿದರೆ ಒಳ್ಳೆಯದು. ಬೆನ್ನು ನೋಯಿಸಿಕೊಳ್ಳದೆ ರೋಗಿಯನ್ನು ಎತ್ತುವ ಕ್ರಮವನ್ನು ಮಾತ್ರ ತಪ್ಪದೆ ಕಲಿಸಿ. ಈ ಕೆಲಸ ಬಿಟ್ಟು ಹೋಗುವ ಹೆಂಗಸರಲ್ಲಿ ಅನೇಕರು ಬಿಡುವುದು ಸೊಂಟ ನೋವಿನಿಂದಲೇ. ಪ್ರತಿ ಮನೆಗೂ ಒಂದು ನೂರು ಪುಟದ ನೋಟ್ ಪುಸ್ತಕ ಕಳಿಸಿ. ಮಗ್ಗುಲು ಬದಲಿಸಿದ ಹೊತ್ತು, ತಿಂದದ್ದು, ಕುಡಿದದ್ದು, ಮೂತ್ರ ಹೋದದ್ದು, ಕೊಟ್ಟ ಮಾತ್ರೆ ಎಲ್ಲವನ್ನೂ ಅದರಲ್ಲಿ ಬರೆಯಲಿ. ಜುಬೈಲ್‌ನಲ್ಲಿರುವ ಮಗ ರಾತ್ರಿ ವಾಟ್ಸಾಪ್‌ನಲ್ಲಿ ಆ ಪುಟದ ಚಿತ್ರ ನೋಡಿದರೆ ನೆಮ್ಮದಿಯಿಂದ ನಿದ್ರಿಸುತ್ತಾನೆ. ನಾಳೆ ಏನಾದರೂ ತಕರಾರು ಬಂದರೆ ಆ ಪುಸ್ತಕವೇ ನಿಮ್ಮ ಹುಡುಗಿಯ ಪರ ಸಾಕ್ಷಿ ಹೇಳುತ್ತದೆ.

ನಿಮ್ಮ ಮಗಳನ್ನು ಕಳಿಸುವಿರಾ?

ಒಂದು ಮನೆಗೆ ಹುಡುಗಿಯನ್ನು ಕಳಿಸುವ ಮುನ್ನ ಈ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ. ಆಕೆ ಚಿಕ್ಕಮಗಳೂರಿನ ಯಾವುದೋ ಎಸ್ಟೇಟಿನ ಲೈನ್ ಮನೆಯಿಂದ ಬಂದಿರಬಹುದು, ಹಾಸನದ ಹಳ್ಳಿಯಿಂದ ಬಂದಿರಬಹುದು, ಗಂಡ ಬಿಟ್ಟುಹೋದ ನಮ್ಮ ನೆರೆಯ ಬೀದಿಯವಳೇ ಆಗಿರಬಹುದು. ಅಪರಿಚಿತರ ಮನೆಯಲ್ಲಿ ಹಗಲು ರಾತ್ರಿ ಇರಲು ಹೊರಟಿದ್ದಾಳೆ. ಹೋಮ್ ನರ್ಸ್ ಕೆಲಸಕ್ಕೆ ಮಗಳನ್ನು ಕಳಿಸಲು ನಮ್ಮ ಮನೆಗಳಲ್ಲಿ ಹಿಂಜರಿಯುವುದು ಸುಮ್ಮನೆ ಅಲ್ಲ. ಆ ಹಿಂಜರಿಕೆಯನ್ನು ಮಾತಿನಿಂದ ಹೋಗಲಾಡಿಸಲು ಸಾಧ್ಯವಿಲ್ಲ, ವ್ಯವಸ್ಥೆಯಿಂದ ಮಾತ್ರ ಸಾಧ್ಯ.

ಮೊದಲು ನೀವೇ ಆ ಮನೆಗೆ ಹೋಗಿ ನೋಡಿ. ಫೋನಿನಲ್ಲಿ ವ್ಯವಹಾರ ಮುಗಿಸಬೇಡಿ. ರೋಗಿ ಹೇಗಿದ್ದಾರೆ, ಮನೆಯಲ್ಲಿ ಯಾರು ಯಾರಿದ್ದಾರೆ, ಆಕೆ ಮಲಗುವುದು ಎಲ್ಲಿ, ಆ ಕೋಣೆಗೆ ಒಳಗಿನಿಂದ ಚಿಲಕ ಇದೆಯೇ ಎಂದು ನೋಡಿ. ಚಿಲಕ ಇಲ್ಲದಿದ್ದರೆ ಹಾಕಿಸಿದ ಮೇಲೆ ಕಳಿಸುತ್ತೇನೆ ಎನ್ನಿ. ಬೇಸರಿಸುವವರು ಬೇಸರಿಸಲಿ. ಗಂಡಸರು ಮಾತ್ರ ಇರುವ ಮನೆಗೆ ಹುಡುಗಿಯನ್ನು ಕಳಿಸಲೇಬೇಡಿ. ಗಂಡಸು ರೋಗಿಗಳಿಗಾಗಿ ನಿಮ್ಮ ಪಟ್ಟಿಯಲ್ಲಿ ಗಂಡಸು ಸಹಾಯಕರೂ ಇರಲಿ. ಭಾರದ ರೋಗಿಯನ್ನು ಎತ್ತಲು ಅವರಿಗೆ ಬೇಡಿಕೆ ಹೆಚ್ಚು, ಸಿಗುವುದು ಕಡಿಮೆ.

2013ರಲ್ಲಿ ಬಂದ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಕಾನೂನು, ವಾಸದ ಮನೆಯನ್ನೂ ಕೆಲಸದ ಸ್ಥಳ ಎಂದೇ ಪರಿಗಣಿಸುತ್ತದೆ. ಇದು ಈ ಉದ್ಯೋಗದಲ್ಲಿರುವ ಹಲವರಿಗೆ ಗೊತ್ತಿಲ್ಲ. ನಿಮ್ಮಲ್ಲಿ 10 ಅಥವಾ ಹೆಚ್ಚು ಮಂದಿ ದುಡಿಯುತ್ತಿದ್ದರೆ ಆಂತರಿಕ ಸಮಿತಿ ರಚಿಸುವುದು ಕಡ್ಡಾಯ. ಅದಕ್ಕಿಂತ ಕಡಿಮೆಯಿದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಪ್ರತಿಯೊಬ್ಬಳ ಮೊಬೈಲಿನಲ್ಲೂ ನಿಮ್ಮ ನಂಬರಿನ ಜೊತೆಗೆ 112 ಮತ್ತು ಮಹಿಳಾ ಸಹಾಯವಾಣಿ 181 ಇರಲಿ. ದಿನಕ್ಕೊಮ್ಮೆ ಒಂದೇ ಹೊತ್ತಿಗೆ ಆಕೆಗೆ ಫೋನ್ ಮಾಡುವ ರೂಢಿ ಇಟ್ಟುಕೊಳ್ಳಿ. ಮೊಬೈಲನ್ನು ಮನೆಯವರು ತೆಗೆದಿಟ್ಟುಕೊಳ್ಳುವಂತಿಲ್ಲ ಎಂದು ಒಪ್ಪಂದದಲ್ಲೇ ಬರೆಯಿರಿ.

ಒಪ್ಪಂದ ಎಂದೆನಲ್ಲವೇ, ಅದು ಮೂವರ ನಡುವಿನದ್ದಾಗಿರಲಿ. ಮನೆಯವರು, ಏಜೆನ್ಸಿ, ಕೆಲಸಕ್ಕೆ ಹೋಗುವಾಕೆ ಮೂವರೂ ಸಹಿ ಹಾಕಲಿ, ಎಲ್ಲರಿಗೂ ಓದಲು ಬರುವ ಕನ್ನಡದಲ್ಲಿರಲಿ. ಯಾವುದು ಆಕೆಯ ಕೆಲಸ, ಯಾವುದು ಅಲ್ಲ ಎಂಬುದು ಅದರಲ್ಲಿ ಸ್ಪಷ್ಟವಿರಲಿ. ರೋಗಿಯ ಬಟ್ಟೆ ಒಗೆಯುವುದು, ರೋಗಿಗೆ ಗಂಜಿ ಬೇಯಿಸುವುದು ಸರಿ. ಇಡೀ ಮನೆಗೆ ಅಡುಗೆ, ನೆಲ ಒರೆಸುವುದು, ಶಾಲೆಗೆ ಹೋಗುವ ಮಕ್ಕಳ ಡಬ್ಬಿ ತುಂಬುವುದು ಆಕೆಯ ಕೆಲಸವಲ್ಲ. ಒಂದು ವಾರ ಕಳೆದ ಮೇಲೆ "ಸುಮ್ಮನೆ ಕೂತಿರ್ತಾಳೆ" ಎಂಬ ಮಾತು ಶುರುವಾಗುತ್ತದೆ. ರಾತ್ರಿಯಲ್ಲಿ ನಾಲ್ಕು ಸಲ ಎದ್ದವಳು ಹಗಲಲ್ಲಿ ಎರಡು ಗಂಟೆ ಕೂರುವುದು ಅಗತ್ಯ ಎಂದು ಮೊದಲೇ ಹೇಳಿಬಿಡಿ. ತಿಂಗಳಿಗೆ ನಾಲ್ಕು ರಜೆ, ಆ ದಿನಗಳಿಗೆ ಬದಲಿ ಕಳಿಸುವುದು ಏಜೆನ್ಸಿಯ ಜವಾಬ್ದಾರಿ ಎಂಬುದನ್ನೂ ಬರೆಯಿರಿ.

ಚಿನ್ನದ ವಿಷಯವಂತೂ ಈ ಕೆಲಸದಲ್ಲಿರುವವರು ಭಯದಿಂದಲೇ ಮಾತನಾಡುವ ವಿಷಯ. ಕಪಾಟಿನಲ್ಲಿದ್ದ ಬಳೆ ಕಾಣಿಸಲಿಲ್ಲವೆಂದರೆ ಮೊದಲ ಬೆರಳು ಹೊರಗಿನಿಂದ ಬಂದವಳ ಕಡೆಗೇ. ಮೂರು ದಿನ ಬಿಟ್ಟು ಬಳೆ ದಿಂಬಿನ ಕವರಿನೊಳಗೆ ಸಿಕ್ಕರೂ ಆಕೆಯ ಮರ್ಯಾದೆ ಮರಳಿ ಸಿಗುವುದಿಲ್ಲ. ಆಕೆ ಸೇರುವ ದಿನವೇ ಒಡವೆ, ಹಣವನ್ನು ಬೀಗ ಹಾಕಿ ಇಟ್ಟಿದ್ದೇವೆ ಎಂದು ಮನೆಯವರಿಂದ ಬರೆಸಿಕೊಳ್ಳಿ. ರೋಗಿಯ ಮೈಮೇಲಿರುವ ಒಡವೆಯನ್ನು ಪಟ್ಟಿ ಮಾಡಿ. ಹಾಗೆಯೇ ನೀವು ಕಳಿಸುವಾಕೆಯ ಬಗ್ಗೆ ಪೊಲೀಸ್ ಪರಿಶೀಲನಾ ಪತ್ರವನ್ನೂ ಮಾಡಿಸಿ, ಅದನ್ನು ಸೇವಾ ಸಿಂಧು ಮೂಲಕ ಪಡೆಯಬಹುದು. ನಂಬಿಕೆ ಎರಡೂ ಕಡೆಯಿಂದ ಬರಬೇಕು.

ಮೂಲ ಅಂಕಪಟ್ಟಿ ಮತ್ತು ಪ್ರಮಾಣಪತ್ರಗಳನ್ನು ನಿಮ್ಮಲ್ಲಿ ಇಟ್ಟುಕೊಳ್ಳಬೇಡಿ. "ಓಡಿ ಹೋಗ್ತಾರೆ" ಎಂಬುದು ಈ ಕ್ಷೇತ್ರದ ಹಳೆಯ ನೆಪ. 2011-12ರಲ್ಲಿ ಕೇರಳದ ಖಾಸಗಿ ಆಸ್ಪತ್ರೆಗಳ ನರ್ಸ್‌ಗಳು ಮುಷ್ಕರ ಹೂಡಿದಾಗ, ಸಂಬಳದ ಬೇಡಿಕೆಯ ಜೊತೆಗೆ ಕೇಳಿಬಂದ ಕೂಗು ಬಾಂಡ್ ಪದ್ಧತಿ ನಿಲ್ಲಿಸಿ, ನಮ್ಮ ಪ್ರಮಾಣಪತ್ರ ಹಿಂದಿರುಗಿಸಿ ಎಂಬುದೇ ಆಗಿತ್ತು. ಮೂಲವನ್ನು ನೋಡಿ, ಪ್ರತಿ ತೆಗೆದು, ಅಲ್ಲೇ ಅವರ ಕೈಗೆ ಹಿಂದಿರುಗಿಸಿ. ಒಳ್ಳೆಯ ಸಂಬಳ ಹೊತ್ತಿಗೆ ಸರಿಯಾಗಿ ಸಿಕ್ಕಿದರೆ ಯಾರೂ ಓಡಿಹೋಗುವುದಿಲ್ಲ.

"ನಮ್ಮವರೇ ಆಗಬೇಕು" ಎಂದು ಕೇಳುವ ಮನೆಗಳು ಎಲ್ಲ ಸಮುದಾಯದಲ್ಲೂ ಇವೆ. ತಲೆವಸ್ತ್ರ ತೊಟ್ಟವಳು ಬೇಡ ಎನ್ನುವವರೂ ಸಿಗುತ್ತಾರೆ. ಕೆಲಸ ಸಿಗಲಿ ಎಂದು ಆಕೆಗೆ ತಲೆವಸ್ತ್ರ ತೆಗೆಯಲು ಹೇಳಬೇಡಿ. ಆಕೆಯನ್ನು ಗೌರವಿಸುವ ಮನೆಗೆ ಕಳಿಸಿ, ಬೇಡಿಕೆ ಇಷ್ಟಿರುವಾಗ ಅಂತಹ ಮನೆ ಸಿಗದಿರುವುದಿಲ್ಲ. ಇತ್ತ ನಮ್ಮ ಹಿರಿಯ ಮಹಿಳೆಯರಿಗೂ ಅವರದೇ ಆದ ಅಗತ್ಯಗಳಿವೆ. ಹಾಸಿಗೆಯಲ್ಲಿದ್ದರೂ ವುಝೂ ಮಾಡಿಸಿಕೊಂಡು ನಮಾಝ್ ಮಾಡಬೇಕೆನ್ನುವ ಅಜ್ಜಿಗೆ, ನಮಾಝಿನ ಹೊತ್ತಿಗೆ ಮುಂಚೆ ಡಯಪರ್ ಬದಲಿಸಿ ಶುಚಿಗೊಳಿಸಬೇಕು ಎಂದು ತಿಳಿದವಳು ಸಿಕ್ಕಿದರೆ ಅರ್ಧ ಕಾಯಿಲೆ ಗುಣವಾದಂತೆ. ಆಕೆ ಮುಸ್ಲಿಮಳೇ ಆಗಬೇಕಾಗಿಲ್ಲ. ಒಂದು ಸಲ ಹೇಳಿಕೊಟ್ಟರೆ ಸಾಕು, ಅಜ್ಜಿಗಿಂತ ಮೊದಲೇ ಬಾಂಗಿಗೆ ಕಿವಿಗೊಡುವ ಕ್ರಿಶ್ಚಿಯನ್, ಹಿಂದೂ ಹೆಣ್ಣುಮಕ್ಕಳಿದ್ದಾರೆ. ಎಲ್ಲ ಸಮುದಾಯದವರನ್ನು ಸೇರಿಸಿಕೊಳ್ಳುವುದರಿಂದ ಇನ್ನೊಂದು ಲಾಭವಿದೆ. ಈದ್‌ಗೆ ಕ್ರಿಶ್ಚಿಯನ್ ಹುಡುಗಿಯರು, ಕ್ರಿಸ್‌ಮಸ್‌ಗೆ ನಮ್ಮವರು, ದೀಪಾವಳಿಗೆ ಇಬ್ಬರೂ ಬದಲಿ ನಿಲ್ಲುತ್ತಾರೆ. ಒಂದೇ ಸಮುದಾಯದವರನ್ನು ಇಟ್ಟುಕೊಂಡ ಏಜೆನ್ಸಿ ಹಬ್ಬದ ದಿನ ಫೋನ್ ಸ್ವಿಚ್ ಆಫ್ ಮಾಡಿ ಕೂರಬೇಕಾಗುತ್ತದೆ!

ಲೆಕ್ಕ ಹಾಕಿ ನೋಡೋಣ

ಇನ್ನು ಹಣದ ಮಾತು. ಕೆಳಗಿನದ್ದು ಒಂದು ಮಾದರಿ ಲೆಕ್ಕ ಮಾತ್ರ. ನಿಮ್ಮ ಊರಿನ ದರ ಹಾಕಿ ನೀವೇ ಮತ್ತೊಮ್ಮೆ ಕೂಡಿಸಿ ಕಳೆಯಿರಿ. ಮನೆಯಲ್ಲೇ ಉಳಿದು ನೋಡಿಕೊಳ್ಳುವ ಸಹಾಯಕಿಗಾಗಿ ಮನೆಯವರಿಂದ ತಿಂಗಳಿಗೆ 26,000 ರೂ. ಪಡೆದು ಆಕೆಗೆ 20,000 ರೂ. ಕೊಡುತ್ತೀರಿ ಎಂದಿಟ್ಟುಕೊಳ್ಳಿ. ಉಳಿದದ್ದು 6,000. ಅಬ್ಬಾ, ಹತ್ತು ಮಂದಿಯಿದ್ದರೆ ತಿಂಗಳಿಗೆ 60,000 ಲಾಭ ಎಂದು ಖುಷಿಪಡಬೇಡಿ. ನಾಲ್ಕು ರಜಾ ದಿನಗಳಿಗೆ ಬದಲಿಯಾಗಿ ಹೋದವಳಿಗೆ ದಿನಕ್ಕೆ 700ರಂತೆ 2,800 ಕೊಡಬೇಕು. ಉಳಿದದ್ದು 3,200. ಹತ್ತು ಮಂದಿ ಆದ ಕೂಡಲೇ ಇಎಸ್‌ಐ ಬರುತ್ತದೆ. 2019ರ ಜುಲೈಯಲ್ಲಿ ನಿಗದಿಯಾದ ದರದಂತೆ ಮಾಲೀಕರ ಪಾಲು ಶೇ. 3.25, ಅಂದರೆ 650 ರೂ. ಉಳಿದದ್ದು 2,550. ಹತ್ತು ಮಂದಿಗೆ 25,500. ಕಚೇರಿ ಬಾಡಿಗೆ, ಫೋನ್, ಓಡಾಟ, ಜಾಹೀರಾತಿಗೆ 9,000, ಅರ್ಧ ದಿನದ ಸಹಾಯಕಿಗೆ 8,000 ಎಂದರೆ ನಿಮ್ಮ ಕೈಗೆ ಬರುವುದು 8,500. ರೋಗಿ ತೀರಿಕೊಂಡು ಹುಡುಗಿ ಒಂದು ವಾರ ಕೆಲಸವಿಲ್ಲದೆ ಕೂತದ್ದು, ಮನೆಯವರು ಹಣ ಬಾಕಿ ಇಟ್ಟದ್ದು ಇದರಲ್ಲಿ ಸೇರಿಲ್ಲ.

20 ಮಂದಿ ಆದಾಗ ಭವಿಷ್ಯನಿಧಿ ಕಟ್ಟಬೇಕು. 2014ರಲ್ಲಿ ನಿಗದಿಯಾದ 15,000 ರೂ. ವೇತನ ಮಿತಿಯ ಮೇಲೆ ಶೇ. 12 ಲೆಕ್ಕ ಹಾಕಿದರೂ ಒಬ್ಬರಿಗೆ 1,800. ಆಗ ಮೇಲಿನ 2,550ರಲ್ಲಿ ಉಳಿಯುವುದು 750! ಈ ಹಂತದಲ್ಲೇ ಅನೇಕರು ತಪ್ಪು ದಾರಿ ಹಿಡಿಯುವುದು. ರಜೆ ಕತ್ತರಿಸುತ್ತಾರೆ ಅಥವಾ ಹಾಜರಿ ಪುಸ್ತಕದಲ್ಲಿ 19ರಲ್ಲೇ ನಿಲ್ಲಿಸುತ್ತಾರೆ. ಇಎಸ್‌ಐ ಕಾರ್ಡ್ ಇದ್ದರೆ ನಿಮ್ಮ ಹುಡುಗಿಗೂ ಆಕೆಯ ತಾಯಿಗೂ ಚಿಕಿತ್ಸೆಗೆ ಒಂದು ದಾರಿಯಾಗುತ್ತದೆ. ಜೀವಮಾನವಿಡೀ ಬೇರೆಯವರ ಕಾಯಿಲೆ ನೋಡಿದವಳಿಗೆ ತನ್ನ ಕಾಯಿಲೆಗೆ ದಿಕ್ಕಿಲ್ಲವೆಂದಾಗಬಾರದು. ಸರಿಯಾದ ಕ್ರಮವೆಂದರೆ ಮನೆಯವರಿಗೆ ಹೇಳುವ ದರವನ್ನು ಮೊದಲ ದಿನವೇ ಇವೆಲ್ಲವನ್ನೂ ಸೇರಿಸಿ ನಿಗದಿಪಡಿಸುವುದು. ಹತ್ತು ಗಿರಾಕಿಗಳಲ್ಲಿ ನಾಲ್ವರು "ಜಾಸ್ತಿಯಾಯ್ತು" ಎಂದು ಹೋಗುತ್ತಾರೆ, ಹೋಗಲಿ.

ಜಿಎಸ್‌ಟಿ ಬಗ್ಗೆಯೂ ಎಚ್ಚರವಿರಲಿ. ಸೇವೆಗಳಿಗೆ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಬೇಕು. 26,000ದಂತೆ ಒಬ್ಬರಿಗೆ ವರ್ಷಕ್ಕೆ 3,12,000. ಏಳು ಮಂದಿಗೆ 21,84,000. ಅಂದರೆ ಏಳನೆಯ ಹುಡುಗಿ ಸೇರುವಾಗಲೇ ನೀವು ಗೆರೆ ದಾಟಿರುತ್ತೀರಿ, ಕೈಗೆ ಬಂದ ಲಾಭ ಎಷ್ಟೇ ಕಡಿಮೆಯಿರಲಿ. ಆರೋಗ್ಯ ಸೇವೆಗೆ ವಿನಾಯಿತಿ ಇದೆ, ಆದರೆ ಕೆಲಸದವರನ್ನು ಪೂರೈಸುವ ಸೇವೆಗೆ ಶೇ. 18 ತೆರಿಗೆ ಇದೆ. ನಿಮ್ಮ ಬಿಲ್ಲು ಯಾವುದಕ್ಕೆ ಸೇರುತ್ತದೆ ಎಂಬುದನ್ನು ಮೊದಲ ಬಿಲ್ಲು ಬರೆಯುವ ಮುನ್ನ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಬಳಿ ಕೇಳಿಕೊಳ್ಳಿ. ಎರಡು ವರ್ಷದ ನಂತರ ನೋಟೀಸು ಬಂದ ಮೇಲೆ ಕೇಳಿದರೆ ಉತ್ತರ ದುಬಾರಿ.

ಉಳಿದ ಕಾಗದಪತ್ರಗಳು ಕಷ್ಟದವಲ್ಲ. ಪಂಚಾಯತ್ ಅಥವಾ ನಗರಸಭೆಯ ಪರವಾನಗಿ, ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆ ಎಂದು ನೋಂದಣಿ, ಸಂಸ್ಥೆಯ ಹೆಸರಿನಲ್ಲಿ ಬ್ಯಾಂಕ್ ಖಾತೆ. ಸಣ್ಣ ಉದ್ದಿಮೆಗಳಿಗಾಗಿ 2020ರಲ್ಲಿ ಆರಂಭವಾದ ಉದ್ಯಮ್ ನೋಂದಣಿ ಉಚಿತ, ಮಧ್ಯವರ್ತಿಗೆ ಹಣ ಕೊಡಬೇಡಿ. ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವುದರಿಂದ, ಹಳೆಯ ಏಜೆನ್ಸಿಯವರು ಹೇಳುವ ನಿಯಮಗಳನ್ನೇ ನಂಬಿ ಕೂರದೆ ಕಾರ್ಮಿಕ ಇಲಾಖೆಯಲ್ಲಿ ಒಮ್ಮೆ ವಿಚಾರಿಸಿ. ಕನಿಷ್ಠ ವೇತನದ ಪಟ್ಟಿಯನ್ನೂ ಅಲ್ಲೇ ಕೇಳಿ ಪಡೆಯಿರಿ. ರೋಗಿಗಳನ್ನು ನಿಮ್ಮಲ್ಲೇ ಇರಿಸಿಕೊಂಡು ಚಿಕಿತ್ಸೆ ಕೊಡುವ ಯೋಚನೆ ಇದ್ದರೆ ಮಾತ್ರ ಅದು ಬೇರೆಯೇ ವಿಷಯ. ಆಗ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ನೋಂದಣಿ ಬೇಕಾಗುತ್ತದೆ.

ಆಸ್ಪತ್ರೆಗಳಿಗೂ ನರ್ಸ್‌ಗಳನ್ನು ಒದಗಿಸಬಹುದಲ್ಲವೇ ಎಂದು ಪತ್ರದಲ್ಲಿ ಕೇಳಿದ್ದಾರೆ. ಹೆರಿಗೆ ರಜೆಗೆ ಹೋದವರ ಜಾಗಕ್ಕೆ, ಕೆಲಸ ಬಿಟ್ಟವರ ಜಾಗಕ್ಕೆ ನರ್ಸಿಂಗ್ ಹೋಮ್‌ಗಳಿಗೆ ಜನ ಬೇಕು, ನಿಜ. ಆದರೆ ಮೊದಲ ವರ್ಷ ಆ ಕಡೆ ಹೋಗದಿರುವುದು ಒಳ್ಳೆಯದು. ಮನೆಯವರಿಂದ ಮುಂಗಡ ಪಡೆಯಬಹುದು. ಆಸ್ಪತ್ರೆಯ ಬಿಲ್ಲು ಪಾಸಾಗಲು ಎರಡು ತಿಂಗಳು ಹಿಡಿಯಿತೆಂದರೆ ಆಶ್ಚರ್ಯವಿಲ್ಲ, ನರ್ಸಿಗೆ ಮಾತ್ರ ತಿಂಗಳು ಮುಗಿದ ಏಳು ದಿನದೊಳಗೆ ಸಂಬಳ ಕೊಡಲೇಬೇಕು. 25,000 ಸಂಬಳದ ಐವರಿಗೆ ಎರಡು ತಿಂಗಳಿಗೆ 2,50,000 ರೂ. ನಿಮ್ಮ ಕೈಯಿಂದ ಹೋಗಿರುತ್ತದೆ. ಆ ಹೊತ್ತಿನಲ್ಲೇ ಕಪಾಟಿನ ಒಡವೆ ಬ್ಯಾಂಕಿಗೆ ಹೋಗುವುದು, ಬಡ್ಡಿಯ ಸುಳಿ ಆರಂಭವಾಗುವುದು. ಮನೆಗಳಿಂದ ಆರಂಭಿಸಿದರೆ ಒಂದು ಕೋಣೆ, ತರಬೇತಿಯ ಸಾಮಗ್ರಿ ಮತ್ತು ಮೂವರು ಸಹಾಯಕಿಯರ ಒಂದು ತಿಂಗಳ ಸಂಬಳ ಕೈಯಲ್ಲಿದ್ದರೆ ಸಾಕು, ಸಾಲವಿಲ್ಲದೆಯೇ ನಡೆಯುತ್ತದೆ. ಬಂಡವಾಳದ ಪ್ರಶ್ನೆಗೆ ನನ್ನ ಉತ್ತರ ಇದು.

ಮುಂದೆ ಆಸ್ಪತ್ರೆಗಳೊಂದಿಗೆ ಮಾತನಾಡುವ ದಿನ ಬಂದಾಗ ಒಂದು ವಿಷಯ ನೆನಪಿರಲಿ. 2016ರಲ್ಲಿ ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ಕೇಂದ್ರ ಸರಕಾರ ನೇಮಿಸಿದ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್ ವೇತನ ತಿಂಗಳಿಗೆ 20,000 ರೂ.ಗಿಂತ ಕಡಿಮೆ ಇರಬಾರದು, 200ಕ್ಕಿಂತ ಹೆಚ್ಚು ಹಾಸಿಗೆಯಿದ್ದರೆ ಸರಕಾರಿ ನರ್ಸ್‌ಗಳಿಗೆ ಸಮನಾಗಿರಬೇಕು ಎಂದು ಶಿಫಾರಸು ಮಾಡಿತು. ಅದನ್ನು ಪಾಲಿಸದ ಕಡೆಗಳೇ ಹೆಚ್ಚು. ಹತ್ತು ವರ್ಷದ ಹಿಂದಿನ ಆ ಮೊತ್ತಕ್ಕಿಂತಲೂ ಕಡಿಮೆಗೆ ನರ್ಸ್ ಕೊಡಿ ಎಂದು ಯಾರಾದರೂ ಕೇಳಿದರೆ ಎದ್ದು ಬನ್ನಿ.

ಕೊನೆಯದಾಗಿ ಗಲ್ಫ್. "ನರ್ಸ್‌ಗಳನ್ನು ಸೌದಿಗೂ ಕುವೈತಿಗೂ ಕಳಿಸಬಹುದೇ?" ಎಂಬ ಪ್ರಶ್ನೆಗೆ ನೇರ ಉತ್ತರ: ಈ ಏಜೆನ್ಸಿಯಿಂದ ಆಗದು. ವಿದೇಶಕ್ಕೆ ಜನರನ್ನು ಕೆಲಸಕ್ಕೆ ಕಳಿಸಲು 1983ರ ವಲಸೆ ಕಾಯಿದೆಯಡಿ ವಿದೇಶಾಂಗ ಸಚಿವಾಲಯದ ನೋಂದಣಿ ಬೇಕು. ಅದಕ್ಕೆ ಲಕ್ಷಗಟ್ಟಲೆ ರೂ.ಗಳ ಬ್ಯಾಂಕ್ ಖಾತರಿ ಕೇಳುತ್ತಾರೆ. ನೋಂದಣಿಯಿಲ್ಲದೆ ಒಬ್ಬಳನ್ನು ಕಳಿಸಿದರೂ ಅಪರಾಧ. ಸ್ನೇಹಿತೆಗೆ ಉಪಕಾರ ಮಾಡಿದೆ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕಕ್ಕೂ 30,000 ರೂ. ಮತ್ತು ತೆರಿಗೆಯ ಮಿತಿ ಇದೆ. ಆದರೂ ಲಕ್ಷಗಟ್ಟಲೆ ವಸೂಲು ಮಾಡುವ ದಂಧೆ ಜೋರಾಗಿ, ಕೊನೆಗೆ 2015ರಲ್ಲಿ ಕೇಂದ್ರ ಸರಕಾರವೇ ಗಲ್ಫ್ ಸೇರಿದಂತೆ 18 ದೇಶಗಳಿಗೆ ನರ್ಸ್ ನೇಮಕಾತಿಯನ್ನು ಸರಕಾರಿ ಸಂಸ್ಥೆಗಳಿಗೆ ವಹಿಸಬೇಕಾಯಿತು. ನಿಮ್ಮಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಹೊರಗೆ ಹೋಗುವ ಆಸೆ ಹೇಳಿದರೆ ಆಕೆಯನ್ನು ತಡೆಯಬೇಡಿ. ಆಕೆಯ ಜೊತೆ ಕೂತು ಇ-ಮೈಗ್ರೇಟ್ ಜಾಲತಾಣ ತೆರೆಯಿರಿ, ಆಕೆಗೆ ಕೆಲಸ ಕೊಡಿಸುತ್ತೇನೆಂದ ಏಜೆಂಟನ ಹೆಸರು ನೋಂದಾಯಿತರ ಪಟ್ಟಿಯಲ್ಲಿದೆಯೇ ಎಂದು ನೋಡಿ, ಹಣ ಕೊಟ್ಟರೆ ರಶೀದಿ ಪಡೆಯಲು ಹೇಳಿ. ಆಕೆ ಹೋದ ಮನೆಗೆ ಬದಲಿ ಹುಡುಕಲು ನಿಮಗೆ ಒಂದು ತಿಂಗಳ ಸಮಯ ಕೇಳಿ ಪಡೆದರೆ ಆಯಿತು.